ಗಾದಿಲಿಂಗನ ಗಾಳಿಯಂತ್ರ

ಬೋಳುಗುಡ್ಡದ ನೆತ್ತಿಯಲ್ಲಿ ಓಬಯ್ಯ ತಾತನ ಆಶ್ರಮವಿತ್ತು. ಮೂರು ಕೋಣೆ, ಒಂದು ಅಡುಗೆಮನೆ, ಒಂದು ಬೇವಿನ ಮರ. ಮಿಕ್ಕಿದ್ದೆಲ್ಲ ಗಾಳಿ.

ಅಲ್ಲಿಗೆ ಗಾದಿಲಿಂಗ ಬಂದ. ಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದವನು. ಕೈ ಚುರುಕು, ಆದರೆ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ತಾತ, ನನಗೊಂದು ಮಂತ್ರ ಕೊಡಿ" ಅಂದ.

"ನಿನಗೆ ಏನು ಬರುತ್ತೆ?"

"ಮೋಟಾರು ಬಿಚ್ಚೋದು, ತಂತಿ ಸುತ್ತೋದು. ಅಷ್ಟೇ ತಾತ."

ತಾತ ಅವನನ್ನು ಗುಡ್ಡದ ಅಂಚಿಗೆ ಕರೆದುಕೊಂಡು ಹೋದರು. ಗಾಳಿ ಇಬ್ಬರ ಪಂಚೆಯನ್ನೂ ಹಿಡಿದೆಳೆಯಿತು.

"ನಾನು ಇಲ್ಲಿಗೆ ಬರೋಕೆ ಮುಂಚಿನಿಂದ ಇದು ಹೀಗೇ ಬೀಸ್ತಿದೆ. ಯಾರೂ ಇದರ ಕೈಲಿ ಒಂದು ಕೆಲಸ ಮಾಡಿಸಿಲ್ಲ. ನೀನು ಒಂದು ದೀಪ ಹಚ್ಚಿಸು. ಅದೇ ನಿನ್ನ ಮಂತ್ರ."

ಗಾದಿಲಿಂಗ ಗುಜರಿ ಅಂಗಡಿಯಿಂದ ಹಳೆ ಮೋಟಾರೊಂದನ್ನು ಹೊತ್ತು ತಂದ. ದಪ್ಪ ಪೈಪು ಸೀಳಿ ರೆಕ್ಕೆ ಮಾಡಿದ. ಕೆಟ್ಟ ಬೋರ್‌ವೆಲ್ಲಿನ ಪೈಪು ಕಂಬವಾಯಿತು. ಮೊದಲ ಸಲ ಒಂದು ರೆಕ್ಕೆ ಕಿತ್ತುಕೊಂಡು ಹೋಗಿ ಬೇವಿನ ಮರಕ್ಕೆ ಬಡಿಯಿತು. ಮತ್ತೆ ಮಾಡಿದ. ತಿರುಗಿತು, ಆದರೆ ಕರೆಂಟ್ ಬರಲಿಲ್ಲ. ಮೋಟಾರು ಬಿಚ್ಚಿ ಹೊಸದಾಗಿ ತಂತಿ ಸುತ್ತಿದ. ಕರೆಂಟ್ ತುಂಬಿಡಲು ಒಂದು ದೊಡ್ಡ ಬ್ಯಾಟರಿ ಜೋಡಿಸಿದ.

ಒಂದು ಸಂಜೆ ಅಡುಗೆಮನೆಯಲ್ಲಿ ಬಲ್ಬು ಹತ್ತಿಕೊಂಡಿತು. ಅಡುಗೆ ಮಾಡುವ ಹಂಪಮ್ಮ ರೊಟ್ಟಿ ಹಂಚಿನ ಮೇಲೆ ಬಿಟ್ಟು ಎರಡೂ ಕೈ ಮುಗಿದಳು. ರೊಟ್ಟಿ ಸೀದುಹೋಯಿತು.

ತಾತ ಸೀದ ರೊಟ್ಟಿಯನ್ನೇ ತಿಂದು, "ಚೆನ್ನಾಗಿದೆ" ಅಂದರು. ರೊಟ್ಟಿಗೋ ಬಲ್ಬಿಗೋ ಅಂತ ಹೇಳಲಿಲ್ಲ.

ಆಮೇಲೆ ಗಾದಿಲಿಂಗ ಒಂದು ಮೀಟರ್ ತಂದು ಗೋಡೆಗೆ ಹಾಕಿದ. ದಿನಕ್ಕೆ ಎಷ್ಟು ಕರೆಂಟ್ ಬ್ಯಾಟರಿಗೆ ಬಂತು ಅನ್ನುವುದನ್ನು ಅದು ತೋರಿಸುತ್ತಿತ್ತು.

"ಎಷ್ಟು ಬರ್ತಿದೆ ಅಂತ ತಿಳ್ಕೋಬೇಕಲ್ಲ ತಾತ?"

"ತಿಳ್ಕೋ. ತಿಳ್ಕೊಳ್ಳೋದು ಒಳ್ಳೇದೇ."

ಮೊದಮೊದಲು ಅವನು ಸಂಜೆ ಒಮ್ಮೆ ನೋಡುತ್ತಿದ್ದ. ಆಮೇಲೆ ಬೆಳಗ್ಗೆಯೂ ನೋಡಿದ. ಆಷಾಢದ ಗಾಳಿ ಶುರುವಾಯಿತು. ಅಂಕಿ ಏರತೊಡಗಿತು. ಊಟದ ನಡುವೆ ಎದ್ದು ಹೋಗಿ ನೋಡಿ ಬರುತ್ತಿದ್ದ. ಧ್ಯಾನಕ್ಕೆ ಕೂತರೆ ಕಣ್ಣು ಮುಚ್ಚಿದ ಕತ್ತಲೆಯಲ್ಲೂ ಅಂಕಿಯೇ ಹೊಳೆಯುತ್ತಿತ್ತು.

ಅಂಕಿ ಏರಿದ ದಿನ ಎಲ್ಲರೊಡನೆ ನಗುತ್ತ ಮಾತಾಡುತ್ತಿದ್ದ. ಇಳಿದ ದಿನ ಹಂಪಮ್ಮ ಕರೆದರೂ ಓಗೊಡುತ್ತಿರಲಿಲ್ಲ.

ಗುಡ್ಡದ ಬುಡದಲ್ಲಿ ಕುರಿ ಸಾಕುವವರ ಹಟ್ಟಿ. ಅಲ್ಲಿಗೆ ಕರೆಂಟಿನ ಲೈನು ಬಂದಿರಲಿಲ್ಲ. ಹಟ್ಟಿಯ ಜನ ಮೊಬೈಲು ಚಾರ್ಜು ಮಾಡಿಕೊಳ್ಳಲು ಗುಡ್ಡ ಹತ್ತಿ ಬರುತ್ತಿದ್ದರು. ಒಂದು ದಿನ ಹಟ್ಟಿಯ ಹಿರಿಯ ಮಾಳಪ್ಪ ಬಂದು ಕಂಬದ ಕೆಳಗೆ ನಿಂತು ತುಂಬ ಹೊತ್ತು ಮೇಲೆ ನೋಡಿದ.

"ಲಿಂಗಣ್ಣ, ನಿನ್ನ ಫ್ಯಾನು ದಿನಾ ಕರೆಂಟ್ ಕೊಡೋದು ದಿಟಾನಾ?"

"ದಿಟ. ಬಾ, ಮೀಟರ್ ನೋಡು."

"ನಂಗೇನು ತಿಳೀತೈತೆ? ಬರೋ ಸೋಮವಾರ ಹಟ್ಟಿಯವರನ್ನೆಲ್ಲ ಕರ್ಕೊಂಡು ಬತ್ತೀನಿ. ಅವರಿಗೆ ತೋರಿಸು. ನಂಬಿಕೆ ಬಂದ್ರೆ ನಮಗೂ ಒಂದು ಕಟ್ಟಿಕೊಡು."

ಗಾದಿಲಿಂಗ ಹಿಗ್ಗಿಹೋದ.

ಮರುದಿನ ಗಾಳಿ ನಿಂತಿತು. ಅದರ ಮರುದಿನವೂ ಎಲೆ ಅಲುಗಲಿಲ್ಲ. ಅಂಕಿ ಇಳಿಯಿತು. ಗಾದಿಲಿಂಗನ ಹುರುಪೂ ಇಳಿಯಿತು.

"ಹಂಪಕ್ಕ, ಸ್ವಲ್ಪ ದಿನ ಬುಡ್ಡಿ ದೀಪದಲ್ಲೇ ಅಡುಗೆ ಮಾಡು. ಬ್ಯಾಟರಿ ತುಂಬಿರಲಿ."

ಕೋಣೆಗಳ ಬಲ್ಬುಗಳನ್ನೂ ಬಿಚ್ಚಿಟ್ಟ. ಮೊಬೈಲು ಹಿಡಿದು ಬಂದ ಹಟ್ಟಿಯವರಿಗೆ, "ಸೋಮವಾರ ಆದಮೇಲೆ ಬನ್ನಿ" ಅಂದ.

ಗಾಳಿ ತಿರುಗಿ ಬಂತು. ಹಿಂದೆಂದಿಗಿಂತ ಜೋರಾಗಿ ಬಂತು. ರೆಕ್ಕೆಗಳು ಕಣ್ಣಿಗೆ ಕಾಣದಷ್ಟು ಬೇಗ ತಿರುಗಿದವು. ಬ್ಯಾಟರಿಯ ಹಸಿರು ದೀಪ ಹತ್ತಿತು, ತುಂಬಿದೆ ಅಂತ.

ಅಂಕಿ ಮಾತ್ರ ಏರಲಿಲ್ಲ. ಇನ್ನೂ ಇಳಿಯಿತು. ಒಂದು ದಿನ ಮೀಟರ್ ಬರೀ ಸೊನ್ನೆ ತೋರಿಸಿತು.

ಗಾದಿಲಿಂಗ ಕಂಬ ಹತ್ತಿ ಬೇರಿಂಗಿಗೆ ಗ್ರೀಸು ಹಾಕಿದ. ರೆಕ್ಕೆ ಬಿಚ್ಚಿ ಉಜ್ಜಿ ಮತ್ತೆ ಕೂರಿಸಿದ. ತಂತಿಯ ಉದ್ದಕ್ಕೂ ಬೆರಳಾಡಿಸಿ ಹುಡುಕಿದ. ಎಲ್ಲೂ ತಪ್ಪು ಸಿಗಲಿಲ್ಲ. ಮೀಟರ್ ಸೊನ್ನೆಯಲ್ಲೇ ಇತ್ತು. ಆಶ್ರಮದ ಬೆಕ್ಕು ಅದರ ಕೆಳಗೆ ಗೋಡೆಗೆ ಒರಗಿ ನಿದ್ದೆ ಹೊಡೆಯುತ್ತಿತ್ತು.

ಆ ಸಂಜೆ ಎಲ್ಲರೂ ಮಬ್ಬಿನಲ್ಲಿ ಊಟಕ್ಕೆ ಕೂತರು. ಬುಡ್ಡಿ ದೀಪ ಗಾಳಿಗೆ ಆರಿಹೋಗಿತ್ತು.

"ತಾತ, ಅಂಕಿ ಬಿದ್ದುಹೋಗಿದೆ" ಅಂದ ಗಾದಿಲಿಂಗ.

"ಅಯ್ಯೋ. ಎಲ್ಲಿ ಬಿತ್ತು?"

"ನಗಬೇಡಿ ತಾತ. ಸೋಮವಾರ ಹಟ್ಟಿಯವರು ಬರ್ತಾರೆ. ಏನು ತೋರಿಸಲಿ?"

"ಗಾಳಿ ಇದೆಯಾ?"

"ಇದೆ."

"ರೆಕ್ಕೆ ತಿರುಗ್ತಿದೆಯಾ?"

"ತಿರುಗ್ತಿದೆ."

"ಬ್ಯಾಟರಿ?"

"ತುಂಬಿದೆ ತಾತ. ಅದೊಂದೇ ಸಮಾಧಾನ. ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

ತಾತ ಕತ್ತಲೆಯಲ್ಲಿ ಸಾರಿನ ಪಾತ್ರೆಗೆ ತಡಕಾಡಿದರು. ಕೈ ಉಪ್ಪಿನ ಬಟ್ಟಲಿಗೆ ಬಿತ್ತು.

"ಬುಡ್ಡಿ ಹಚ್ಚಲಾ ತಾತ?" ಹಂಪಮ್ಮ ಕೇಳಿದಳು.

"ಬೇಡ ಬಿಡು. ಬಾಯಿ ಎಲ್ಲಿದೆ ಅಂತ ಗೊತ್ತಿದೆ."

ಭಾನುವಾರ ಬೆಳಗ್ಗೆಯಿಂದಲೇ ಗಾಳಿ ಗುಡ್ಡವನ್ನು ಕಿತ್ತೊಯ್ಯುವಂತೆ ಬೀಸುತ್ತಿತ್ತು. ಮುಗಿಲು ಕಪ್ಪಾಗಿ ಇಳಿದಿತ್ತು. ಮೇಲೆಲ್ಲೋ ಮಳೆಯಾಗಿ ಹಟ್ಟಿಯ ಆಚೆಯ ಹಳ್ಳ ತುಂಬಿ ಹರಿಯುತ್ತಿತ್ತು. ಗಾದಿಲಿಂಗ ಮೀಟರಿನ ಮುಂದೆ ಕೂತಿದ್ದ.

ಹಟ್ಟಿಯಿಂದ ಮಾಳಪ್ಪನ ಹೆಂಡತಿ ಕೆಂಚಮ್ಮ ಓಡಿ ಬಂದಳು. ಸೆರಗು ಗಾಳಿಗೆ ಹಾರುತ್ತಿತ್ತು. ಅದನ್ನು ಹಿಡಿದುಕೊಳ್ಳಲೂ ಅವಳಿಗೆ ಉಸಿರಿರಲಿಲ್ಲ.

"ತಾತಪ್ಪ, ನನ್ನ ಸೊಸೆ ಬೀರಮ್ಮಂಗೆ ಮುಂಜಾನೆಯಿಂದ ನೋವು. ಸಿಸ್ಟರಮ್ಮ ಹೆಂಗೋ ಹಳ್ಳ ದಾಟ್ಕೊಂಡು ಬಂದವಳೆ. ಆಂಬುಲೆನ್ಸು ಆಚೆ ದಡದಾಗೇ ನಿಂತೈತೆ. ನೀರು ಇಳಿಯೋಗಂಟ ಬರಕ್ಕಾಗಕಿಲ್ವಂತೆ."

"ಏನು ಬೇಕು ತಾಯಿ?"

"ಬೆಳಕು ಬೇಕು. ಗುಡಿಸಲ ಬಾಗಿಲು ತೆಗೆದ್ರೆ ಗಾಳಿ, ಮುಚ್ಚಿದ್ರೆ ಕತ್ತಲೆ. ದೀಪ ಒಂದು ಗಳಿಗೆ ನಿಲ್ತಿಲ್ಲ. ಹೊಟ್ಟೆಯಾಗೆ ಕೂಸು ಅಡ್ಡಾಗೈತೆ ಅಂತಾಳೆ ಸಿಸ್ಟರಮ್ಮ, ಕಣ್ಣಿಗೇ ಕಾಣದೆ ಹೆಂಗೆ ಕೈ ಹಾಕ್ಲಿ ಅಂತಾಳೆ."

"ಮೊಬೈಲಿನ ಟಾರ್ಚು..." ಅಂದ ಗಾದಿಲಿಂಗ.

ಕೆಂಚಮ್ಮ ಅವನ ಕಡೆ ತಿರುಗಿದಳು. "ಎಲ್ಲಾ ಸತ್ತು ಬಿದ್ದವೆ ಲಿಂಗಣ್ಣ. ಇಲ್ಲೇ ಅಲ್ವಾ ಚಾರ್ಜಿಗೆ ಹಾಕ್ತಿದ್ದದ್ದು? ನೀನೇ ಬ್ಯಾಡ ಅಂದ್ಯಲ್ಲ."

ಗಾದಿಲಿಂಗನ ಕಣ್ಣು ಹಸಿರು ದೀಪದ ಕಡೆ ಹೋಯಿತು. ನಾಳೆ ಸೋಮವಾರ. ಈಗ ಬ್ಯಾಟರಿ ಬಿಚ್ಚಿದರೆ ಯಂತ್ರ ನಿಲ್ಲಿಸಬೇಕು. ಬ್ಯಾಟರಿ ಉರಿಸಿ ಮುಗಿಸಿದರೆ ನಾಳೆ ತೋರಿಸಲು ತುಂಬಿದ ಬ್ಯಾಟರಿಯೂ ಇಲ್ಲ.

"ಎಲ್ಲಾದರೂ ಒಂದು ಸಣ್ಣ ಟಾರ್ಚ್ ಸಿಕ್ಕಿದ್ದರೆ..." ಅಂದ. ತನ್ನ ಮಾತು ತನಗೇ ಕೇಳಿ ಅಲ್ಲಿಗೇ ನಿಲ್ಲಿಸಿದ.

ತಾತ ಎದ್ದರು. ಪಂಚೆ ಮೇಲೆ ಕಟ್ಟಿ, ಬ್ಯಾಟರಿಗೆ ಎರಡೂ ಕೈ ಹಾಕಿ ಎತ್ತಲು ನೋಡಿದರು. ಅದು ಅಲುಗಲಿಲ್ಲ. ಕಾಲು ಅಗಲಿಸಿ ನಿಂತು ಮತ್ತೆ ಎತ್ತಿದರು. ಕುತ್ತಿಗೆಯ ನರ ಉಬ್ಬಿತು.

"ತಾತ, ಬಿಡಿ! ಸೊಂಟ ಹಿಡಿದುಕೊಳ್ಳುತ್ತೆ."

"ಸೊಂಟದ ವಿಚಾರ ನಾಳೆ ನೋಡೋಣ."

ಗಾದಿಲಿಂಗ ಎದ್ದು ಯಂತ್ರದ ಬ್ರೇಕ್ ಹಾಕಿದ. ಮೇಲೆ ರೆಕ್ಕೆಗಳು ನರಳಿ ನಿಂತವು. ತಂತಿ ಬಿಚ್ಚಿದ. ಮೀಟರ್ ಕಪ್ಪಾಯಿತು. ಬ್ಯಾಟರಿಯನ್ನು ಹೆಗಲಿಗೇರಿಸಿಕೊಂಡು ಗುಡ್ಡ ಇಳಿದ. ಅವನು ಹಿಂದೆ ಯಂತ್ರ ಪರೀಕ್ಷೆಗೆಂದು ತಂದಿದ್ದ ಟ್ರ್ಯಾಕ್ಟರಿನ ಎರಡು ದೊಡ್ಡ ಬಲ್ಬುಗಳನ್ನು ತಾತ ಶಲ್ಯದಲ್ಲಿ ಕಟ್ಟಿಕೊಂಡರು. ತಂತಿಯ ಸುರುಳಿಯನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಕೆಂಚಮ್ಮನ ಭುಜ ಹಿಡಿದು ಇಳಿದರು.

ಗಾದಿಲಿಂಗ ಗುಡಿಸಲ ಹೊರಗೆ ಗೋಡೆಯ ಮರೆಯಲ್ಲಿ ಬ್ಯಾಟರಿ ಇಟ್ಟ. ಸೂರಿನ ಸಂದಿಯಿಂದ ತಂತಿ ಒಳಗೆ ಬಿಟ್ಟ. ಬಲ್ಬು ಹತ್ತಿತು.

"ಅಬ್ಬಾ! ಈಗ ಕಣ್ಣು ಬಂತು" ಅಂದರು ಒಳಗಿನಿಂದ ಶಾಹಿದಾ ಸಿಸ್ಟರ್. ಮರುಕ್ಷಣವೇ ಕೂಗಿ ಕೇಳಿದರು: "ಇದು ಎಷ್ಟು ಹೊತ್ತು ಉರಿಯುತ್ತೆ?"

ಗಾದಿಲಿಂಗ ಬ್ಯಾಟರಿಯ ಕಡೆ ನೋಡಿದ.

"ಗೊತ್ತಿಲ್ಲ ಸಿಸ್ಟರ್."

"ನೀವೇ ಅಲ್ವಾ ಮಾಡಿದ್ದು?"

"ಹೌದು. ಎಷ್ಟು ಬರುತ್ತೆ ಅಂತ ನೋಡ್ತಿದ್ದೆ. ಎಷ್ಟು ಹೊತ್ತು ಉರಿಯುತ್ತೆ ಅಂತ ಯಾವತ್ತೂ ನೋಡಿಲ್ಲ."

ಸಿಸ್ಟರ್ ಬೀರಮ್ಮನ ಕಡೆ ತಿರುಗಿದರು. ಅವರಿಗೆ ಕೆಲಸವಿತ್ತು.

ಮಾಳಪ್ಪ ಎದುರಿನ ಕಲ್ಲಿನ ಮೇಲೆ ಕೂತಿದ್ದ. ಎಲ್ಲರೊಡನೆಯೂ ದನಿ ಏರಿಸಿ ಮಾತಾಡುವವನು, ಈಗ ತನ್ನ ರುಮಾಲು ಬಿಚ್ಚುವುದು, ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ. ಒಳಗೆ ಬೀರಮ್ಮ ಕೂಗಿದಾಗಲೆಲ್ಲ ಅವನ ಕೈ ನಿಲ್ಲುತ್ತಿತ್ತು.

ಗಾಳಿ ಒಮ್ಮೆ ಗುಡಿಸಲನ್ನೇ ಅಲುಗಿಸಿತು. ಬಲ್ಬು ಆರಿ ಹತ್ತಿತು.

"ಬೆಳಕು!" ಸಿಸ್ಟರ್ ಕಿರುಚಿದರು.

ಗಾದಿಲಿಂಗ ನೋಡಿದ. ಬ್ಯಾಟರಿಯ ಮೇಲೆ ತಂತಿ ಸಡಿಲವಾಗಿತ್ತು. ಅವಸರದಲ್ಲಿ ಸ್ಪಾನರು ತಂದಿರಲಿಲ್ಲ. ತಂತಿಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದ. ಬೆಳಕು ನಿಂತಿತು.

"ತಾತ, ಬ್ಯಾಟರಿ ಮುಗಿದುಹೋದರೆ?"

"ಮುಗಿದಾಗ ಹೇಳು. ಈಗ ಹಿಡ್ಕೋ."

ಅವನು ಹಿಡಿದುಕೊಂಡ. ಬೆರಳು ನೋಯಿತು, ಆಮೇಲೆ ಮರಗಟ್ಟಿತು. ಗಾಳಿ ಬೆನ್ನಿಗೆ ಮಣ್ಣು ಎರಚಿತು. ಅವನ ಕಣ್ಣು ಸೂರಿನ ಸಂದಿಯ ಬೆಳಕನ್ನು ಬಿಟ್ಟು ಎಲ್ಲೂ ಹೋಗಲಿಲ್ಲ. ಎಷ್ಟು ಹೊತ್ತಾಯಿತೆಂದು ಅವನಿಗೆ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಅಂಕಿ ಅವನ ನೆನಪಿಗೇ ಬರಲಿಲ್ಲ.

ಬೀರಮ್ಮನ ಕೂಗು ಒಮ್ಮೆಲೇ ನಿಂತಿತು. ಮಗುವಿನ ಅಳು ಮಾತ್ರ ಕೇಳಲಿಲ್ಲ.

ಮಾಳಪ್ಪ ಎದ್ದು ನಿಂತ.

"ಇನ್ನೊಂದು ಬಲ್ಬಿದೆಯಾ?" ಸಿಸ್ಟರ್ ದನಿ ಬಂತು. "ಬೇಗ! ಮಗು ತಣ್ಣಗಿದೆ. ಹತ್ತಿರ ಹಿಡೀಬೇಕು, ಕಾವು ಬೇಕು."

ತಾತ ಎರಡನೇ ಬಲ್ಬನ್ನು ಸೂರಿನಿಂದ ಒಳಗೆ ಇಳಿಸಿದರು. ಗಾದಿಲಿಂಗ ಇನ್ನೊಂದು ಕೈಯಿಂದ ತಂತಿ ಸೇರಿಸಿದ. ಎರಡೂ ಬಲ್ಬು ಹತ್ತಿದವು. ಬೆಳಕು ಒಂದು ಮಟ್ಟ ಇಳಿದು ಹಳದಿಯಾಯಿತು.

"ಆರಬೇಡ" ಅಂದ ಗಾದಿಲಿಂಗ. ಬ್ಯಾಟರಿಗೆ ಹೇಳಿದನೋ, ಬಲ್ಬಿಗೋ, ಒಳಗಿನ ಜೀವಕ್ಕೋ. "ಆರಬೇಡ, ಆರಬೇಡ."

ಒಳಗೆ ಸಿಸ್ಟರ್ ಮಗುವಿನ ಬೆನ್ನು ಉಜ್ಜುವ ಸದ್ದು ಕೇಳಿತು. ಬಟ್ಟೆಯ ಸರಸರ. ಮತ್ತೆ ಸರಸರ.

ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ. ಅದರ ಹಿಂದೆಯೇ ದೊಡ್ಡದೊಂದು ಅಳು.

ಮಾಳಪ್ಪ ಗೋಡೆಯ ಕಡೆ ತಿರುಗಿ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಕೆಂಚಮ್ಮ ಬಾಗಿಲು ಸ್ವಲ್ಪವೇ ತೆರೆದು ತಲೆ ಹೊರಗೆ ಹಾಕಿದಳು. ನಗುತ್ತಿದ್ದಳು, ಅಳುತ್ತಿದ್ದಳು.

"ಹೆಣ್ಣು ಕೂಸು. ಬೀರಮ್ಮನೂ ಚೆನ್ನಾಗವಳೆ. ನೀರು ಕೇಳಿ ಕುಡಿದ್ಲು."

ಗಾದಿಲಿಂಗ ಎದ್ದೇಳಲು ನೋಡಿದ. ಬೆರಳು ತಂತಿಯನ್ನು ಬಿಡಲಿಲ್ಲ. ಮಡಚಿದ ಹಾಗೇ ನಿಂತುಬಿಟ್ಟಿದ್ದವು. ತಾತ ಪಕ್ಕದಲ್ಲಿ ಕೂತರು. ಒಂದು ಕೈಯಿಂದ ತಂತಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಸಾಕು. ಇನ್ನು ಸ್ವಲ್ಪ ಹೊತ್ತು ನಾನು ಹಿಡ್ಕೋತೀನಿ."

ಸಂಜೆಗೆ ಹಳ್ಳ ಇಳಿಯಿತು. ಆಂಬುಲೆನ್ಸು ಹಟ್ಟಿಯವರೆಗೆ ಬಂತು. ತಾಯಿ ಮಗು ಇಬ್ಬರನ್ನೂ ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಶಾಹಿದಾ ಸಿಸ್ಟರ್ ಗಾಡಿ ಹತ್ತುವಾಗ ಗಾದಿಲಿಂಗನನ್ನು ನೋಡಿದರು.

"ಬಲ್ಬು ಇನ್ನೂ ಉರೀತಿದೆಯಾ?"

"ಉರೀತಿದೆ ಸಿಸ್ಟರ್, ಮಂಕಾಗಿ."

"ಹಾಗಾದರೆ ಎಷ್ಟು ಹೊತ್ತು ಅಂತ ಈಗ ಗೊತ್ತಾಯ್ತಲ್ಲ" ಅಂದು ನಕ್ಕರು.

ಮರುದಿನ ಬೆಳಗ್ಗೆ ಗಾದಿಲಿಂಗ ಬರಿದಾದ ಬ್ಯಾಟರಿಯನ್ನು ಮೇಲೆ ತಂದು ಅದರ ಜಾಗದಲ್ಲಿಟ್ಟ. ಸ್ಪಾನರಿನಿಂದ ಬಿಗಿಯಾಗಿ ತಂತಿ ಕಟ್ಟಿದ. ಬ್ರೇಕ್ ಬಿಟ್ಟ. ರೆಕ್ಕೆಗಳು ನಿಧಾನಕ್ಕೆ ಶುರುಮಾಡಿ ವೇಗ ಹಿಡಿದವು. ಮೀಟರಿನ ಕಡೆ ನೋಡುವ ಮನಸ್ಸಿರಲಿಲ್ಲ. ಅಭ್ಯಾಸ, ಕಣ್ಣು ಹೋಯಿತು.

ಅಂಕಿ ಏರುತ್ತಿತ್ತು.

ಕಣ್ಣುಜ್ಜಿಕೊಂಡು ನೋಡಿದ. ಮೊದಲ ದಿನದಿಂದ ಎಂದೂ ಕಾಣದಷ್ಟು ಮೇಲೆ ಹೋಗುತ್ತಿತ್ತು.

"ತಾತ! ತಾತ!"

ತಾತ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು.

"ಏನಾಯ್ತೋ?"

"ಅಂಕಿ ಬಂತು ತಾತ. ಯಂತ್ರ ಕೆಟ್ಟೇ ಇರಲಿಲ್ಲ!"

"ಹೌದಾ?"

ಗಾದಿಲಿಂಗ ಅಲ್ಲೇ ನೆಲದ ಮೇಲೆ ಕುಸಿದು ಕೂತ. ನಗು ಬಂತು. ತಡೆಯಲಾಗದೆ ನಕ್ಕ.

"ಬ್ಯಾಟರಿ ತುಂಬಿತ್ತು ತಾತ. ತುಂಬಿದ ಬ್ಯಾಟರಿ ಮತ್ತೆ ಕರೆಂಟ್ ತಗೊಳ್ಳಲ್ಲ. ತಗೊಳ್ಳದಿದ್ದರೆ ಮೀಟರ್ ಸೊನ್ನೆ ತೋರಿಸದೆ ಇನ್ನೇನು ತೋರಿಸುತ್ತೆ? ಬ್ಯಾಟರಿ ತುಂಬಿರಲಿ ಅಂತ ನಾನು ಎಲ್ಲರ ಬಲ್ಬು ಬಿಚ್ಚಿದೆ. ಬಿಚ್ಚಿದಷ್ಟೂ ಅಂಕಿ ಬಿತ್ತು."

"ನಿನಗೆ ಇದು ಮೊದಲೇ ಗೊತ್ತಿರಲಿಲ್ಲವಾ?"

"ಕೈಗೆ ಗೊತ್ತಿತ್ತು ತಾತ. ತುಂಬಿದ ಮೇಲೆ ಮಿಕ್ಕ ಕರೆಂಟ್ ಹೋಗೋಕೆ ಅಂತ ಮೀಟರಿನ ಗೋಡೆ ಹಿಂದೆ ಒಂದು ಹೀಟರ್ ಕಾಯಿಲ್ ನಾನೇ ಹಾಕಿದ್ದೀನಿ. ಇಷ್ಟು ದಿನ ಅದು ಸುಮ್ಮನೆ ಬಿಸಿಯಾಗ್ತಾ ಇತ್ತು. ತಲೆಗೆ ಹೊಳೀಲೇ ಇಲ್ಲ."

"ಅದಕ್ಕೇ ನಮ್ಮ ಬೆಕ್ಕು ಹಗಲೂ ರಾತ್ರಿ ಆ ಗೋಡೆಗೆ ಒರಗಿಕೊಂಡು ಬಿದ್ದಿರ್ತಿತ್ತು" ಅಂದರು ತಾತ. "ನಾನು ಅದಕ್ಕೆ ವಯಸ್ಸಾಯ್ತು ಅಂದ್ಕೊಂಡಿದ್ದೆ."

ಹಂಪಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. "ಲಿಂಗಪ್ಪ, ಬಲ್ಬು ಹಾಕಲಾ?"

"ಹಾಕು ಹಂಪಕ್ಕ. ಎಲ್ಲ ಕೋಣೆಗೂ ಹಾಕು."

ಮಧ್ಯಾಹ್ನ ಹಟ್ಟಿಯವರು ಬಂದರು. ಹೆಂಗಸರು, ಗಂಡಸರು, ಕೈಯಲ್ಲಿ ಸತ್ತ ಮೊಬೈಲುಗಳು. ಆಸ್ಪತ್ರೆಯಿಂದ ಸುದ್ದಿ ಬಂದಿತ್ತು, ತಾಯಿ ಮಗು ಇಬ್ಬರೂ ಸುಖ. ಗಾದಿಲಿಂಗ ಅವರನ್ನು ಮೀಟರಿನ ಮುಂದೆ ನಿಲ್ಲಿಸಿದ.

"ಇವತ್ತು ಇದು ಜಾಸ್ತಿ ತೋರಿಸ್ತಿದೆ. ಆದರೆ ನಿನ್ನೆವರೆಗೂ ಸೊನ್ನೆ ಇತ್ತು. ಗಾಳಿ ಇಲ್ಲದ ದಿನಾನೂ ಇರುತ್ತೆ. ಮುಚ್ಚಿಟ್ಟು ಹೇಳಲ್ಲ. ನೋಡಿಕೊಂಡು ತೀರ್ಮಾನ ಮಾಡಿ."

ಮಾಳಪ್ಪ ಮೀಟರಿನ ಕಡೆ ತಿರುಗಲೂ ಇಲ್ಲ. ಅವನು ರುಮಾಲು ಸರಿಯಾಗಿ ಸುತ್ತಿಕೊಂಡಿದ್ದ.

"ಕಂಬ ಎಲ್ಲಿ ನಿಲ್ಲಿಸಾಣ ಹೇಳು. ಗುಂಡಿ ನಾವು ತೋಡ್ತೀವಿ."

ಅವರು ಮೊಬೈಲುಗಳನ್ನು ಚಾರ್ಜಿಗೆ ಹಾಕಿ, ಬೇವಿನ ನೆರಳಲ್ಲಿ ಹರಟಿ, ಮಜ್ಜಿಗೆ ಕುಡಿದು ಹೋದರು. ಗುಡ್ಡ ಮತ್ತೆ ಗಾಳಿಯ ಪಾಲಾಯಿತು.

ಗಾದಿಲಿಂಗ ತಾತನ ಬಳಿ ಬಂದು ಕೂತ. ಎಷ್ಟೋ ದಿನಗಳ ಮೇಲೆ ಅವನ ಮುಖ ಹಗುರಾಗಿತ್ತು.

"ತಾತ, ಒಂದು ಮಾತು."

"ಹೇಳು."

"ಇನ್ನು ಮೇಲೆ ನಾನು ಮೀಟರ್ ನೋಡಲೇಬಾರದಾ? ಬಿಚ್ಚಿ ಹಾಕಿಬಿಡಲಾ?"

"ಯಾಕೆ ಬಿಚ್ಚುತ್ತೀ? ದಿನಾ ನೋಡು."

"ನೋಡಿ ಏನು ಮಾಡಲಿ?"

ತಾತ ಕೋಲು ಊರಿ ಎದ್ದರು.

"ಗಾಳಿ ಬೀಸ್ತಿದ್ದೂ ಸೊನ್ನೆ ಬಂದ ದಿನ, ಯಾರ ಮನೇಲಿ ಕತ್ತಲೆ ಇದೆ ಅಂತ ಹುಡುಕ್ಕೊಂಡು ಹೋಗು."